ಷರಾ ಕಾಲಂ ಇಲ್ಲದ ಪಟ್ಟಿ

ಎಕ್ಸ್‌ಚೇಂಜ್ 2016 ಮತ್ತು 2019 ಮೇಲ್ ಸರ್ವರ್‌ಗಳಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೆ ಕೆಲವು ವಾರ ಮುಂಚೆ, ನಾನು ಹಿಂದೆ ಕೆಲಸ ಮಾಡಿದ್ದ ಕಂಪನಿಯಿಂದ ಫೋನು ಬಂತು. ನಮ್ಮಲ್ಲಿ ಟ್ರೇನಿಯಾಗಿ ಸೇರಿಕೊಂಡಿದ್ದ ಹುಡುಗಿ ಈಗ ಅಲ್ಲಿನ ಐಟಿ ಮ್ಯಾನೇಜರ್. ಕಂಪನಿಯ ಆವರಣದಲ್ಲಿ ಉಳಿದಿದ್ದ ಕೊನೆಯ ಎಕ್ಸ್‌ಚೇಂಜ್ ಸರ್ವರನ್ನು ಅವಳು ಮುಚ್ಚಬೇಕಿತ್ತು. ಮುಚ್ಚುವ ಮೊದಲು ಯಾವ ಸಾಮಾನ್ಯ ಮೇಲ್‌ಬಾಕ್ಸಿಗೆ ಯಾರ್ಯಾರಿಗೆ ಪ್ರವೇಶವಿದೆ ಎಂದು ಒಳಗಿನ ಸರ್ವರಿನಿಂದಲೂ ಕ್ಲೌಡಿನಿಂದಲೂ ಪಟ್ಟಿ ತೆಗೆದು ತಾಳೆ ನೋಡುತ್ತಿದ್ದಳು.

“ಸರ್, ಕೆಲವು ಸಾಲಿನಲ್ಲಿ ಹೆಸರೇ ಇಲ್ಲ. ಎಸ್-1-5-21 ಅಂತ ಶುರುವಾಗೋ ಉದ್ದನೆಯ ನಂಬರ್ ಮಾತ್ರ ಇದೆ. ಯಾರಿರಬಹುದು, ನಿಮಗೇನಾದರೂ ನೆನಪಾಗುತ್ತಾ ನೋಡ್ತೀರಾ?” ಎಂದಳು.

ವಿಂಡೋಸ್ ವ್ಯವಸ್ಥೆ ಮನುಷ್ಯರನ್ನು ಗುರುತಿಸುವುದು ಇಂಥ ನಂಬರಿನಿಂದ. ಹೆಸರು ನಮ್ಮ ಅನುಕೂಲಕ್ಕೆ ತೋರಿಸುವುದು. ಯಾರೋ ಕೆಲಸ ಬಿಟ್ಟರು, ಅವರ ಖಾತೆ ಅಳಿಸಿದರು ಅಂದುಕೊಳ್ಳಿ. ಹೆಸರು ಹೋಗುತ್ತದೆ, ಅವರಿಗೆ ಕೊಟ್ಟಿದ್ದ ಹಕ್ಕಿನ ಜಾಗದಲ್ಲಿ ನಂಬರು ಉಳಿದುಬಿಡುತ್ತದೆ. ನಂಬರು ನೋಡಿ ಆಳನ್ನು ಹೇಳಲು ನನ್ನಿಂದ ಸಾಧ್ಯವಿರಲಿಲ್ಲ. ಆದರೂ ಅವಳು ಕಳಿಸಿದ ಶೀಟನ್ನು ತೆರೆದು ಕೂತೆ. ಎಡಗಡೆ ಬಾಕ್ಸುಗಳ ಹೆಸರು: ಸರ್ವೀಸ್, ಸೇಲ್ಸ್, ಟೆಂಡರ್, ಸ್ಟೋರ್ಸ್. ಪಕ್ಕದಲ್ಲಿ ವ್ಯಕ್ತಿ, ಅದರ ಪಕ್ಕದಲ್ಲಿ ಹಕ್ಕಿನ ಬಗೆ. ಹೆಸರಿದ್ದ ಸಾಲುಗಳನ್ನು ಓದುತ್ತಾ ಹೋದ ಹಾಗೆ ಒಬ್ಬೊಬ್ಬರೂ ತಮ್ಮ ದನಿಯ ಸಮೇತ ನೆನಪಿಗೆ ಬಂದರು. ಹೆಸರಿಲ್ಲದ ಸಾಲಿನಲ್ಲಿ ಯಾರಿದ್ದಿರಬೇಕು ಎನ್ನುವುದೂ, ಅಕ್ಕಪಕ್ಕದವರನ್ನು ನೋಡಿ, ಕೆಲವು ಕಡೆ ಹೊಳೆಯಿತು.

ಆ ಕಂಪನಿ ಪೀಣ್ಯದಲ್ಲಿದೆ. ರೈತರ ಬೋರ್‌ವೆಲ್‌ಗೆ, ಕಾರ್ಖಾನೆಗಳಿಗೆ ಪಂಪ್ ಮಾಡುತ್ತದೆ. ನಾನು ಸೇರುವಾಗ ಎಕ್ಸ್‌ಚೇಂಜ್ 2003 ಹೊಸದು. ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆಯಲ್ಲಿ ಟಪಾಲು ವಿಭಾಗವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಗುಮಾಸ್ತರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಎರಡು ದಪ್ಪ ರಿಜಿಸ್ಟರು, ಒಂದು ಆವಕ, ಇನ್ನೊಂದು ಜಾವಕ. ಕ್ರಮಸಂಖ್ಯೆ, ದಿನಾಂಕ, ಯಾರಿಂದ, ವಿಷಯ, ಯಾರಿಗೆ, ಸಹಿ. ಕೊನೆಯಲ್ಲಿ ಷರಾ ಎನ್ನುವ ಅಗಲದ ಕಾಲಂ. ಬೇರೆ ಆಫೀಸುಗಳಲ್ಲಿ ಆ ಕಾಲಂ ಬಹುಪಾಲು ಖಾಲಿ ಇರುವುದನ್ನು ನೋಡಿದ್ದೇನೆ. ರಾಯರು ಅದನ್ನು ತುಂಬುತ್ತಿದ್ದರು. ‘ಗದಗಿನವರು ಫೋನಿನಲ್ಲೂ ಕೇಳಿದ್ದಾರೆ’, ‘ದೊಡ್ಡ ಸಾಹೇಬರು ಊರಲ್ಲಿಲ್ಲದ ಕಾರಣ ಸೇಲ್ಸಿಗೆ’, ‘ಎರಡನೇ ಸಲ ಬಂದಿದೆ, ಬೇಗ’. ನೀಲಿ ಇಂಕು, ಓರೆ ಅಕ್ಷರ.

ಇಮೇಲ್ ಬಂದಾಗ ಕಂಪನಿಯ ಸಾಮಾನ್ಯ ವಿಳಾಸಗಳೂ ರಾಯರ ಸುಪರ್ದಿಗೆ ಹೋದವು. ಟಪಾಲು ಬರುವುದು ಅವರಲ್ಲಿಗೆ ತಾನೇ ಎಂದು ಆಡಳಿತದವರ ತರ್ಕ. ಆಗ ಸರ್ವೀಸ್, ಸೇಲ್ಸ್ ಎಂಬುವು ನಮ್ಮ ನಿಮ್ಮಂಥ ಬಳಕೆದಾರರ ಖಾತೆಗಳೇ. ಒಂದು ಹೆಸರು, ಒಂದು ಪಾಸ್‌ವರ್ಡ್. ಅದನ್ನು ಬಲ್ಲವರೆಲ್ಲ ಒಳಗೆ ಹೋಗಬಹುದು. ಪಾಸ್‌ವರ್ಡ್ ಅನ್ನು ರಾಯರು ಆವಕ ರಿಜಿಸ್ಟರಿನ ಹಿಂಬದಿ ರಟ್ಟಿನ ಒಳಗೆ ಬರೆದಿಟ್ಟು, ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಬಂದ ಮೇಲುಗಳನ್ನು ಪ್ರಿಂಟ್ ತೆಗೆದು, ಮುದ್ರೆ ಒತ್ತಿ, ಆವಕದಲ್ಲಿ ನಂಬರು ಹಾಕಿ ಆಯಾ ವಿಭಾಗಕ್ಕೆ ಕಳಿಸುತ್ತಿದ್ದರು. ಉತ್ತರ ಕಾಗದದಲ್ಲಿ ಬರೆದು ಬಂದರೆ ಅವರೇ ಟೈಪ್ ಮಾಡಿ ಕಳಿಸಿ ಜಾವಕದಲ್ಲಿ ಏರಿಸುತ್ತಿದ್ದರು.

ನಿಧಾನದ ಕೆಲಸ ನಿಜ. ಆದರೆ ಒಂದು ದೂರು ಬಂತೇ, ಅದಕ್ಕೆ ಉತ್ತರ ಹೋಯಿತೇ ಎಂದು ಕೇಳಿದರೆ ರಾಯರು ಪುಟ ತಿರುವಿ ಅಲ್ಲೇ ಹೇಳುತ್ತಿದ್ದರು. ಎಕ್ಸ್‌ಚೇಂಜ್ 2003ರ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಮೇಲ್‌ಬಾಕ್ಸುಗಳ ದಾಸ್ತಾನು 16 ಜಿಬಿ ದಾಟುವಂತಿರಲಿಲ್ಲ. ದಾಟಿದರೆ ಇಡೀ ದಾಸ್ತಾನೇ ಕಳಚಿಕೊಂಡು ನಿಲ್ಲುತ್ತಿತ್ತು. ಡೀಲರುಗಳು ಮುರಿದ ಇಂಪೆಲ್ಲರ್, ಸುಟ್ಟ ವೈಂಡಿಂಗ್‌ಗಳ ಫೋಟೋ ಕಳಿಸಿ ಕಳಿಸಿ ನಮ್ಮಲ್ಲಿ ಹಾಗೆ ಆಯಿತು. 2005ರಲ್ಲಿ ಬಂದ ಎರಡನೇ ಸರ್ವೀಸ್ ಪ್ಯಾಕ್ ಈ ಮಿತಿಯನ್ನು 75 ಜಿಬಿಗೆ ಏರಿಸಿದ ಮೇಲೆ ಉಸಿರಾಡಿದೆವು. ಮೇಲ್ ನಿಂತಿದ್ದ ಹೊತ್ತಿನಲ್ಲೂ ಸರ್ವೀಸ್ ಎಂಜಿನಿಯರುಗಳು ಕೈಕಟ್ಟಿ ಕೂರಲಿಲ್ಲ. ರಾಯರ ಕೋಣೆಗೆ ಹೋಗಿ ಆವಕ ರಿಜಿಸ್ಟರು ನೋಡಿ ಫೋನು ಮಾಡಿದರು.

ಇಷ್ಟು ಹೇಳಿದರೆ ರಾಯರ ಕಾಲ ಬಲು ಚೆನ್ನಾಗಿತ್ತು ಎನ್ನುವ ಹಾಗಾಗುತ್ತದೆ. ಹಾಗೆ ಹೇಳಲಾರೆ. ಪಾಸ್‌ವರ್ಡು ಯಾರಿಗೆ ಸಿಗಬೇಕು ಎಂದು ತೀರ್ಮಾನಿಸುತ್ತಿದ್ದವರು ಅವರೊಬ್ಬರೇ. ಅದಕ್ಕೆ ನಿಯಮವಿರಲಿಲ್ಲ, ಅವರ ಮನಸ್ಸಿತ್ತು. ಸರ್ವೀಸ್ ವಿಭಾಗದಲ್ಲಿ ತಿಪಟೂರಿನ ಕಡೆಯ ಒಬ್ಬ ಹೆಣ್ಣುಮಗಳಿದ್ದರು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು. ಪಂಪಿನ ಯಾವ ಸದ್ದು ಯಾವ ಬೇರಿಂಗಿನದು ಎಂದು ಡೀಲರ್ ಫೋನಿನಲ್ಲಿ ಅನುಕರಿಸಿ ತೋರಿಸಿದರೆ ಸಾಕು, ಹೇಳಿಬಿಡುತ್ತಿದ್ದರು. ಡೀಲರುಗಳಿಗೆ ಹೋಗುವ ಉತ್ತರಗಳಲ್ಲಿ ಹೆಚ್ಚಿನವು ಅವರು ಬರೆದವು. ಆದರೆ ಅವರಿಗೆ ಪಾಸ್‌ವರ್ಡ್ ಇರಲಿಲ್ಲ. “ಹೆಣ್ಣುಮಕ್ಕಳಿಗೆ ಯಾಕಮ್ಮ ಆ ಉಸಾಬರಿ” ಎನ್ನುತ್ತಿದ್ದರು ರಾಯರು, ಪ್ರೀತಿಯಿಂದಲೇ. ಕಾಂಟ್ರ್ಯಾಕ್ಟ್ ಮೇಲೆ ಬಂದ ಹುಡುಗರಿಗೂ ಕೊಡುತ್ತಿರಲಿಲ್ಲ. ಆಕೆ ಉತ್ತರವನ್ನು ಕಾಗದದಲ್ಲಿ ಬರೆದುಕೊಂಡು ಮೆಟ್ಟಿಲ ಕೆಳಗಿನ ಬಾಗಿಲಲ್ಲಿ ಕಾಯುತ್ತಿದ್ದರು. ಹೋಗುವ ಮೇಲ್‌ನ ಕೊನೆಯಲ್ಲಿ ‘ಇಂತಿ, ಸರ್ವೀಸ್ ವಿಭಾಗ’ ಎಂದಿರುತ್ತಿತ್ತು. ಗದಗ, ಚಿತ್ರದುರ್ಗ, ಸಿಂಧನೂರಿನ ಡೀಲರುಗಳಿಗೆ ಇಷ್ಟು ಚೊಕ್ಕವಾಗಿ ಬರೆಯುವವರು ಯಾರು ಎಂದು ಗೊತ್ತೇ ಇರಲಿಲ್ಲ.

ಇನ್ನೊಂದು ತೊಂದರೆಯಿತ್ತು. ಒಂದೇ ಪಾಸ್‌ವರ್ಡಿನಲ್ಲಿ ಹಲವರು ಒಳಹೋಗುವಾಗ ಯಾರು ಏನು ಮಾಡಿದರು ಎನ್ನುವ ಗುರುತು ಉಳಿಯುವುದಿಲ್ಲ. ಸೇಲ್ಸ್ ಖಾತೆಯಿಂದ ಒಮ್ಮೆ ಹಳೆಯ ದರಪಟ್ಟಿ ಹೊರಟುಹೋಯಿತು. ಲಾಗಿನಲ್ಲಿದ್ದುದು ‘ಸೇಲ್ಸ್’ ಎಂಬ ಹೆಸರು ಮಾತ್ರ. ಕೊನೆಗೆ ಅದರ ಹೊಣೆ ಬಂದದ್ದು ಒಬ್ಬ ಕಾಂಟ್ರ್ಯಾಕ್ಟ್ ಹುಡುಗನ ತಲೆಗೆ. ಅವನ ಬಳಿ ಪಾಸ್‌ವರ್ಡೇ ಇರಲಿಲ್ಲ ಎಂದು ರಾಯರಿಗೆ ಗೊತ್ತಿದ್ದೂ ಅವರು ಬಾಯಿ ಬಿಡಲಿಲ್ಲ. ಇದನ್ನು ನಾನು ಮರೆತಿಲ್ಲ. ರಾಯರನ್ನು ನೆನೆದಾಗ ಷರಾ ಕಾಲಮ್ಮಿನ ಓರೆ ಅಕ್ಷರದ ಜೊತೆ ಈ ಮೌನವೂ ನೆನಪಾಗುತ್ತದೆ.

ಎಕ್ಸ್‌ಚೇಂಜ್ 2007ರಿಂದ ಶೇರ್ಡ್ ಮೇಲ್‌ಬಾಕ್ಸ್ ಎನ್ನುವುದಕ್ಕೇ ಬೇರೆ ಸ್ಥಾನ ಬಂತು. ನಮ್ಮಲ್ಲಿ ಅದು ಸರಿಯಾಗಿ ಬಳಕೆಗೆ ಬಂದದ್ದು 2010ರ ಆವೃತ್ತಿ ಹಾಕಿದ ಮೇಲೆ. ಬಾಕ್ಸಿಗೆ ಹಂಚಿಕೊಳ್ಳುವ ಪಾಸ್‌ವರ್ಡ್ ಇಲ್ಲ, ಅದರ ಖಾತೆಯನ್ನೇ ನಿಷ್ಕ್ರಿಯ ಮಾಡಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಲಾಗಿನ್ ಮೂಲಕವೇ ಒಳಗೆ ಹೋಗಬೇಕು. ಹಕ್ಕುಗಳಲ್ಲಿ ಮುಖ್ಯವಾದವು ಮೂರು. ಫುಲ್ ಆಕ್ಸೆಸ್ ಕೊಟ್ಟರೆ ಬಾಕ್ಸ್ ತೆರೆದು ಓದಬಹುದು, ಅಳಿಸಬಹುದು, ಫೋಲ್ಡರು ಮಾಡಬಹುದು. ಬಾಕ್ಸಿನ ಹೆಸರಿನಲ್ಲಿ ಮೇಲ್ ಕಳಿಸುವಂತಿಲ್ಲ. ಸೆಂಡ್ ಆ್ಯಸ್ ಕೊಟ್ಟರೆ ಬಾಕ್ಸಿನ ಹೆಸರಿನಲ್ಲೇ ಮೇಲ್ ಹೋಗುತ್ತದೆ, ಕಳಿಸಿದ ವ್ಯಕ್ತಿ ಪಡೆದವರಿಗೆ ಕಾಣುವುದಿಲ್ಲ. ಸೆಂಡ್ ಆನ್ ಬಿಹಾಫ್ ಕೊಟ್ಟರೆ ಇಂಥವರು ಸರ್ವೀಸ್ ಪರವಾಗಿ ಕಳಿಸಿದ್ದು ಎಂದು ಇಬ್ಬರ ಹೆಸರೂ ಕಾಣುತ್ತದೆ. ಓದುವುದು ಬೇರೆ, ಇನ್ನೊಬ್ಬರ ಹೆಸರಿನಲ್ಲಿ ಮಾತಾಡುವುದು ಬೇರೆ. ರಾಯರ ರಟ್ಟಿನೊಳಗಿನ ಪಾಸ್‌ವರ್ಡಿನಲ್ಲಿ ಇವೆರಡೂ ಒಂದಾಗಿ ಕೂತಿದ್ದವು.

ವಿಭಾಗದವರನ್ನೆಲ್ಲ ಕರೆದು ಯಾರಿಗೆ ಏನು ಬೇಕು ಎಂದು ಕೇಳಿದೆವು. ಸೇಲ್ಸಿನವರೆಲ್ಲ ಸೆಂಡ್ ಆ್ಯಸ್ ಕೇಳಿದರು. ತಿಪಟೂರಿನವರು ಮೂರನ್ನೂ ಗಮನವಿಟ್ಟು ಕೇಳಿಸಿಕೊಂಡು, “ನನಗೆ ಮೂರನೇದು ಕೊಡಿ ಸರ್, ಹೆಸರು ಕಾಣುತ್ತಲ್ಲ, ಅದು” ಎಂದರು. ಆ ವಾರವೇ ಸಿಂಧನೂರಿನ ಡೀಲರೊಬ್ಬರು ಆಕೆಯ ಹೆಸರು ಹಿಡಿದು, ‘ಮೇಡಂ ಅವರಿಗೆ ನಮಸ್ಕಾರ’ ಎಂದು ಮೇಲ್ ಬರೆದರು.

ರಾಯರು ಓದುವ ಹಕ್ಕು ಮಾತ್ರ ಸಾಕು ಎಂದರು. ರಿಜಿಸ್ಟರಿನ ರಟ್ಟಿನ ಒಳಗಿದ್ದುದನ್ನು ಬ್ಲೇಡಿನಿಂದ ಕೆರೆದು ತೆಗೆದರು. ನಿವೃತ್ತಿಯಾಗುವವರೆಗೂ ಬಾಕ್ಸ್ ತೆರೆದು ಓದುತ್ತಿದ್ದರು. ಉತ್ತರ ಹೋಗದೆ ಉಳಿದದ್ದೇನಾದರೂ ಕಂಡರೆ ಎದ್ದು ಹೋಗಿ ಆ ವಿಭಾಗದವರಿಗೆ ಬಾಯಲ್ಲಿ ಹೇಳಿ ಬರುತ್ತಿದ್ದರು. ಆ ಕೆಲಸ ಅವರಿಗೆ ಯಾರೂ ಒಪ್ಪಿಸಿರಲಿಲ್ಲ.

ಕ್ಲೌಡಿನ ಮಾತು ಬಂದದ್ದು ಆಮೇಲೆ. ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ ಆಫೀಸ್ 365 ಶುರುವಾದದ್ದು 2011ರಲ್ಲಿ. ಆದರೆ ನಮ್ಮ ಆಡಳಿತದವರಿಗೆ ಟೆಂಡರಿನ ಕಾಗದಪತ್ರ ಹೊರದೇಶದ ಸರ್ವರಿನಲ್ಲಿ ಇರುವುದು ಇಷ್ಟವಿರಲಿಲ್ಲ. 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ಮೈಕ್ರೋಸಾಫ್ಟ್ ಡೇಟಾ ಸೆಂಟರ್ ತೆರೆದ ಮೇಲೆ ಆ ಆಕ್ಷೇಪ ಸಡಿಲವಾಯಿತು. ಪೀಣ್ಯದಲ್ಲಿ ಕರೆಂಟು ಹೋದಾಗಲೆಲ್ಲ ಯುಪಿಎಸ್ ಬ್ಯಾಟರಿಯ ಮುಖ ನೋಡಿ ಸಾಕಾಗಿದ್ದ ನಮಗೂ ಬದಲಾವಣೆ ಬೇಕಿತ್ತು. ಎಲ್ಲರನ್ನೂ ಒಂದೇ ರಾತ್ರಿಯಲ್ಲಿ ಸಾಗಿಸುವಂತಿರಲಿಲ್ಲ, ಶಾಖೆಗಳ ಇಂಟರ್ನೆಟ್ ಲೈನು ಅಷ್ಟು ಗಟ್ಟಿಯಿರಲಿಲ್ಲ. ಹಾಗಾಗಿ ಹೈಬ್ರಿಡ್ ದಾರಿ ಹಿಡಿದೆವು. ಕೆಲವರ ಮೇಲ್‌ಬಾಕ್ಸ್ ಒಳಗೆ, ಕೆಲವರದು ಕ್ಲೌಡಿನಲ್ಲಿ, ಎರಡಕ್ಕೂ ಒಂದೇ ವಿಳಾಸಪುಸ್ತಕ. ಎಲ್ಲರ ಖಾತೆಗಳಿರುವ ಮೂಲ ಡೈರೆಕ್ಟರಿ, ಅಂದರೆ ಆ್ಯಕ್ಟಿವ್ ಡೈರೆಕ್ಟರಿ, ನಮ್ಮ ಆವರಣದ್ದೇ. ಅಲ್ಲಿ ಬರೆದದ್ದರ ನಕಲು ಹೊತ್ತುಹೊತ್ತಿಗೆ ಮೇಲಕ್ಕೆ ಹೋಗುತ್ತಿತ್ತು.

ತೊಡಕೆಲ್ಲ ಶೇರ್ಡ್ ಮೇಲ್‌ಬಾಕ್ಸುಗಳಲ್ಲಿತ್ತು. ಫುಲ್ ಆಕ್ಸೆಸ್ ಹಕ್ಕು ದಾಖಲಾಗುವುದು ಮೇಲ್‌ಬಾಕ್ಸಿನ ಮೇಲೆಯೇ. ಬಾಕ್ಸ್ ಕ್ಲೌಡಿಗೆ ಹೋದರೆ ಅದೂ ಜೊತೆಗೆ ಹೋಗುತ್ತದೆ. ಸೆಂಡ್ ಆ್ಯಸ್ ದಾಖಲಾಗುವುದು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ, ಆ ಖಾತೆಯ ಮೇಲೆ; ಅದು ಹೋಗುವುದಿಲ್ಲ, ಡೈರೆಕ್ಟರಿಯ ನಕಲಿನಲ್ಲೂ ಸೇರುವುದಿಲ್ಲ. ಕ್ಲೌಡಿನಲ್ಲಿ ಅದನ್ನು ಹೊಸದಾಗಿ ಕೊಡಬೇಕು. ಓದುವ ಹಕ್ಕು ಬಾಕ್ಸಿನೊಂದಿಗೆ ಪ್ರಯಾಣ ಮಾಡಿ, ಹೆಸರಿನಲ್ಲಿ ಮಾತಾಡುವ ಹಕ್ಕು ಊರಲ್ಲೇ ಉಳಿಯಿತು. ಬಾಕ್ಸ್ ಒಂದು ಕಡೆ, ಅದನ್ನು ಬಳಸುವವರು ಇನ್ನೊಂದು ಕಡೆ ಇದ್ದಾಗ ಅವೆರಡರ ನಡುವೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎನ್ನುವುದು ಆ ವರ್ಷಗಳಲ್ಲಿ ಬಹಳ ಬಿಗಿಯಾಗಿತ್ತು. ಓದುವುದು ನಡೆಯುತ್ತಿತ್ತು, ಪರವಾಗಿ ಕಳಿಸುವುದಕ್ಕೆ ಭರವಸೆ ಇರಲಿಲ್ಲ. ಬಾಕ್ಸನ್ನೂ ಅದನ್ನು ಬಳಸುವವರನ್ನೂ ಒಂದೇ ಕಂತಿನಲ್ಲಿ ಸಾಗಿಸಿ ಎನ್ನುವುದು ಎಲ್ಲರೂ ಕೊಡುತ್ತಿದ್ದ ಸಲಹೆ.

ಹೇಳಲು ಸುಲಭ. ಸರ್ವೀಸ್ ಬಾಕ್ಸಿನ ಜೊತೆ ಸರ್ವೀಸಿನವರನ್ನೆಲ್ಲ ಒಂದು ಕಂತಿನಲ್ಲಿ ಬರೆದುಕೊಂಡೆವು. ಅವರಲ್ಲಿ ಇಬ್ಬರಿಗೆ ಸ್ಟೋರ್ಸ್ ಬಾಕ್ಸಿಗೂ ಪ್ರವೇಶವಿತ್ತು, ಹಾಗಾಗಿ ಸ್ಟೋರ್ಸ್ ಬರಬೇಕು. ಸ್ಟೋರ್ಸಿನವರೊಬ್ಬರು ಖರೀದಿ ಮ್ಯಾನೇಜರ ಕ್ಯಾಲೆಂಡರ್ ನೋಡಿಕೊಳ್ಳುತ್ತಿದ್ದರು, ಅವರೂ ಬರಬೇಕು. ಆ ಮ್ಯಾನೇಜರು ಟೆಂಡರ್ ಬಾಕ್ಸಿನಲ್ಲಿ, ಟೆಂಡರಿನಲ್ಲಿ ಸೇಲ್ಸಿನವರು. ಬಳ್ಳಿಯ ಒಂದು ಕುಡಿ ಎಳೆದರೆ ಇಡೀ ಚಪ್ಪರ ಕೈಗೆ ಬಂದ ಹಾಗೆ, ಕಂಪನಿಯೇ ಒಂದು ಕಂತಾಗಿ ನಿಂತಿತು. ಕಾನ್ಫರೆನ್ಸ್ ಕೋಣೆಯ ಗೋಡೆಗೆ ಚಾರ್ಟ್ ಅಂಟಿಸಿ ಯಾರಿಂದ ಯಾವ ಬಾಕ್ಸಿಗೆ ಗೆರೆ ಎಂದು ಬರೆದೆವು. ಆರ್ಗನೈಸೇಶನ್ ಚಾರ್ಟಿನಲ್ಲಿ ಎಲ್ಲೂ ಇಲ್ಲದ ಸಂಬಂಧಗಳು ಆ ಗೋಡೆಯ ಮೇಲೆ ಕಂಡವು. ಕೆಲಸ ನಿಜವಾಗಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ನೋಡಿಲ್ಲ. ಆಡಳಿತದವರು ಒಮ್ಮೆ ಬಂದು ನಿಂತು ನೋಡಿ ಹೋಗಲಿ ಎಂದು ಬಹಳ ಆಸೆಯಿತ್ತು. ಯಾರೂ ಬರಲಿಲ್ಲ.

ಎಲ್ಲೋ ಒಂದು ಕಡೆ ಕತ್ತರಿ ಹಾಕಲೇಬೇಕಿತ್ತು. ಮೊದಲ ಕಂತು ಹುಬ್ಬಳ್ಳಿ ಶಾಖೆ ಎಂದು ಮೇಲಿನವರು ತೀರ್ಮಾನಿಸಿದರು. ಅವರು ಕ್ಲೌಡಿಗೆ, ಎಲ್ಲ ಶಾಖೆಗೂ ಸೇರಿದ ಸರ್ವೀಸ್ ಬಾಕ್ಸ್ ಪೀಣ್ಯದಲ್ಲೇ. ಮೇಲ್‌ಬಾಕ್ಸ್ ಸಾಗುವಾಗ ಬಳಸುವವರಿಗೆ ತಿಳಿಯುವುದಿಲ್ಲ, ಹಿಂಬದಿಯಲ್ಲಿ ನಕಲು ನಡೆದಿರುತ್ತದೆ. ಕಡೆಗೊಮ್ಮೆ, ಆಡಳಿತಗಾರರು ಬದಲಾವಣೆ ಮಾಡಿದ್ದಾರೆ, ಔಟ್‌ಲುಕ್ ಮುಚ್ಚಿ ತೆರೆಯಿರಿ ಎಂಬ ಸಂದೇಶ ಬರುತ್ತದೆ. ಮುಚ್ಚಿ ತೆರೆದ ಮೇಲೆ ಹುಬ್ಬಳ್ಳಿಯ ಸರ್ವೀಸ್ ಎಂಜಿನಿಯರು ನನಗೆ ಫೋನು ಮಾಡಿದರು.

“ಸರ, ಸರ್ವೀಸ್ ಬಾಕ್ಸ್ ಕಾಣವಲ್ದ್ರೀ. ರಾತ್ರಿ ಮಟಾ ಇತ್ತು, ಮುಂಜಾನೆ ನೋಡಿದ್ರ ಇಲ್ಲ. ಎಲ್ಲಿಗೆ ಹೋತ್ರೀ ಅದು?”

ಎಲ್ಲಿಗೂ ಹೋಗಿರಲಿಲ್ಲ. ಫುಲ್ ಆಕ್ಸೆಸ್ ಇದ್ದವರ ಔಟ್‌ಲುಕ್‌ನಲ್ಲಿ ಬಾಕ್ಸ್ ತಾನಾಗಿಯೇ ಬಂದು ಕೂರುವ ಆಟೋಮ್ಯಾಪಿಂಗ್ ಸೌಲಭ್ಯ ಒಳಗೊಂದು ಹೊರಗೊಂದು ಇದ್ದಾಗ ಕೆಲಸ ಮಾಡುತ್ತಿರಲಿಲ್ಲ. ಕೈಯಾರೆ ಸೇರಿಸಿಕೊಟ್ಟೆವು. ಮತ್ತೊಮ್ಮೆ ಪಾಸ್‌ವರ್ಡ್ ಕೇಳುವ ಕಿಟಕಿ ಬಂತು, ಅದನ್ನೂ ದಾಟಿಸಿದೆವು. ಬಾಕ್ಸ್ ಕಂಡಿತು. ಆದರೆ ಸರ್ವೀಸ್ ಹೆಸರಿನಲ್ಲಿ ಉತ್ತರ ಬರೆದರೆ ಅನುಮತಿ ಇಲ್ಲ ಎಂದು ವಾಪಸ್ ಬರುತ್ತಿತ್ತು. ಕಳಿಸುತ್ತಿದ್ದವರು ಕ್ಲೌಡಿನಲ್ಲಿದ್ದರು, ಅಲ್ಲಿನ ದಾಖಲೆಯಲ್ಲಿ ಸೆಂಡ್ ಆ್ಯಸ್ ಇರಲಿಲ್ಲ. ಅವರ ಹೆಸರುಗಳನ್ನು ಅಲ್ಲಿ ಬೇರೆಯಾಗಿ ಸೇರಿಸುವ ಹೊತ್ತಿಗೆ ಆ ಎಂಜಿನಿಯರು ತಮ್ಮ ಸ್ವಂತ ವಿಳಾಸದಿಂದಲೇ ಡೀಲರುಗಳಿಗೆ ಬರೆಯಲು ಶುರು ಮಾಡಿದ್ದರು. ರೈತ ಪಂಪು ಕೆಟ್ಟು ನೀರಿಗೆ ಕಾಯುತ್ತಿರುವಾಗ ಹಕ್ಕಿಗಾಗಿ ಕಾದು ಕೂರುವ ಮನುಷ್ಯ ಅವರಲ್ಲ. ಡೀಲರುಗಳ ಮರುತ್ತರ ಅವರೊಬ್ಬರಿಗೇ ಬರತೊಡಗಿತು. ಮಗಳ ಮದುವೆಗೆ ಅವರು ರಜೆ ಹಾಕಿದ ದಿನಗಳಲ್ಲಿ ಆ ಉತ್ತರಗಳು ಯಾರ ಕಣ್ಣಿಗೂ ಬೀಳದೆ ಅವರ ಬಾಕ್ಸಿನಲ್ಲೇ ಇದ್ದವು.

ಇದರ ಜೊತೆಗೆ ಕಳಿಸಿದ ಮೇಲ್‌ನ ಪ್ರತಿ ಎಲ್ಲಿರಬೇಕು ಎಂಬ ತಕರಾರು. ಶೇರ್ಡ್ ಮೇಲ್‌ಬಾಕ್ಸಿನ ಹೆಸರಿನಲ್ಲಿ ಕಳಿಸಿದರೂ ಪ್ರತಿ ಕಳಿಸಿದವರ ಸ್ವಂತ ಸೆಂಟ್ ಐಟಮ್ಸಿಗೆ ಬೀಳುವುದು ಮಾಮೂಲು. ಬಾಕ್ಸಿನಲ್ಲೂ ಒಂದು ಪ್ರತಿ ಉಳಿಯಲಿ ಎಂದು ಹೇಳುವ ಸೆಟ್ಟಿಂಗ್ ಇದೆ, ಪ್ರತಿ ಬಾಕ್ಸಿಗೂ ಅದನ್ನು ಹಾಕಬೇಕು. ಹಾಕುವವರೆಗೆ ಒಂದೇ ದೂರಿಗೆ ಪೀಣ್ಯದಿಂದ ಒಂದು ಉತ್ತರ, ಹುಬ್ಬಳ್ಳಿಯಿಂದ ಒಂದು ಉತ್ತರ ಹೋಗುತ್ತಿತ್ತು, ಒಂದರಲ್ಲಿ ವಾರಂಟಿ ಇದೆ, ಇನ್ನೊಂದರಲ್ಲಿ ಇಲ್ಲ. ಆವಕ ಒಬ್ಬರ ಕಣ್ಣಿಗೆ, ಜಾವಕ ಇನ್ನೊಬ್ಬರ ಜೇಬಿನಲ್ಲಿ. ರಾಯರ ಮೇಜಿನ ಮೇಲೆ ಈ ಎರಡು ಪುಸ್ತಕ ಒಂದರ ಪಕ್ಕ ಒಂದು ಇರುತ್ತಿದ್ದುದರ ಬೆಲೆ ಅವತ್ತು ಇಡೀ ಸರ್ವೀಸ್ ವಿಭಾಗಕ್ಕೆ ತಿಳಿಯಿತು.

ಆಮೇಲಿನ ಕಂತುಗಳು ಇಷ್ಟು ಕಷ್ಟ ಕೊಡಲಿಲ್ಲ. ಸ್ಟೋರ್ಸ್ ಬಾಕ್ಸ್ ಮಾತ್ರ ಹೋದ ದಿನ ಒಬ್ಬರಿಗೂ ತೆರೆಯಲಿಲ್ಲ. ಅದರ ಹಕ್ಕನ್ನು ಹಿಂದೆ ಯಾರೋ ಇಮೇಲ್ ವಿಳಾಸವಿಲ್ಲದ ಒಂದು ಸಾದಾ ಸೆಕ್ಯುರಿಟಿ ಗ್ರೂಪಿಗೆ ಕೊಟ್ಟಿದ್ದರು. ಅಂಥ ಗ್ರೂಪಿನ ಮೂಲಕ ಕೊಟ್ಟ ಹಕ್ಕು ಬಾಕ್ಸಿನ ಜೊತೆ ಮೇಲೆ ಹೋಗುವುದಿಲ್ಲ. 2018ರ ಹೊತ್ತಿಗೆ ಎಲ್ಲರೂ, ಎಲ್ಲ ಬಾಕ್ಸೂ ಕ್ಲೌಡಿನಲ್ಲಿದ್ದವು. ಆದರೂ ಪೀಣ್ಯದಲ್ಲಿ ಒಂದು ಎಕ್ಸ್‌ಚೇಂಜ್ ಸರ್ವರ್ ಉಳಿಯಿತು. ಡೈರೆಕ್ಟರಿಯ ಮೂಲ ಆವರಣದಲ್ಲಿರುವವರೆಗೆ ಮೇಲ್ ವಿಳಾಸಗಳನ್ನು ತಿದ್ದಲು ಅಲ್ಲಿಯೇ ಒಂದು ಸರ್ವರ್ ಬೇಕಿತ್ತು. ಅದನ್ನು ಮುಚ್ಚಿ ನಿರ್ವಹಣೆಯ ಸಲಕರಣೆ ಮಾತ್ರ ಇಟ್ಟುಕೊಂಡರೆ ಸಾಕು ಎನ್ನುವ ಅವಕಾಶ ಸಿಕ್ಕಿದ್ದು 2022ರ ಏಪ್ರಿಲ್‌ನಲ್ಲಿ. ನಡುವೆ 2021ರ ಮಾರ್ಚ್‌ನಲ್ಲಿ ಆವರಣದ ಎಕ್ಸ್‌ಚೇಂಜ್ ಸರ್ವರ್‌ಗಳ ಮೇಲೆ ಜಗತ್ತಿನಾದ್ಯಂತ ದಾಳಿ ನಡೆದಾಗ, ಒಂದೇ ಒಂದು ಮೇಲ್‌ಬಾಕ್ಸ್ ಇಲ್ಲದ ಆ ಯಂತ್ರಕ್ಕಾಗಿ ರಾತ್ರಿಯೆಲ್ಲ ಎದ್ದಿದ್ದು ಪ್ಯಾಚ್ ಹಾಕಿದವರಲ್ಲಿ ಈಗ ಫೋನು ಮಾಡಿದ ಹುಡುಗಿಯೂ ಒಬ್ಬಳು.

ಅದೇ ವರ್ಷ ಕೋವಿಡ್ಡಿನ ಎರಡನೇ ಅಲೆಯಲ್ಲಿ ಹುಬ್ಬಳ್ಳಿಯ ಎಂಜಿನಿಯರು ತೀರಿಕೊಂಡರು. ಅವರ ಸ್ವಂತ ಬಾಕ್ಸಿನಲ್ಲಿ ಉತ್ತರ ಕರ್ನಾಟಕದ ಡೀಲರುಗಳ ವರ್ಷಗಟ್ಟಲೆಯ ವ್ಯವಹಾರವಿತ್ತು. ಯಾವ ಊರಿನ ಯಾವ ಬಾವಿಗೆ ಯಾವ ಪಂಪು, ಎಷ್ಟು ಅಡಿಗೆ ಇಳಿಸಿದ್ದು, ಎಲ್ಲ. ಅದನ್ನು ಶೇರ್ಡ್ ಮೇಲ್‌ಬಾಕ್ಸಾಗಿ ಬದಲಾಯಿಸಿ ಅವರ ಶಾಖೆಯವರಿಗೆ ಓದುವ ಹಕ್ಕು ಕೊಟ್ಟೆವು. ಹಾಗೆ ಮಾಡಿದರೆ 50 ಜಿಬಿವರೆಗೆ ಲೈಸೆನ್ಸ್ ಬೇಕಾಗುವುದಿಲ್ಲ, ಮೇಲ್‌ಗಳೂ ಉಳಿಯುತ್ತವೆ. ಕೆಲಸ ಬಿಟ್ಟವರ ಬಾಕ್ಸುಗಳಿಗೆ ಎಲ್ಲ ಕಡೆ ಹೀಗೇ ಮಾಡುತ್ತಾರೆ. ಆದರೆ ಹೈಬ್ರಿಡ್ಡಿನಲ್ಲಿ ಕ್ಲೌಡಿನ ಆ ಬಾಕ್ಸಿಗೆ ಆಧಾರ ಪೀಣ್ಯದ ಡೈರೆಕ್ಟರಿಯಲ್ಲಿರುವ ಅವರ ಖಾತೆ. ಹೋದವರ ಖಾತೆ ಯಾಕೆ ಎಂದು ಯಾರಾದರೂ ಇಲ್ಲಿ ಅಳಿಸಿದರೆ ಅಲ್ಲಿ ಬಾಕ್ಸೂ ಅಳಿಯುತ್ತದೆ. 30 ದಿನದೊಳಗೆ ಗಮನಿಸಿದರೆ ವಾಪಸ್ ತರಬಹುದು, ಆಮೇಲೆ ಇಲ್ಲ. ಹಾಗಾಗಿ ಅವರ ಖಾತೆ ಲಾಗಿನ್ ಮುಚ್ಚಿದ ಸ್ಥಿತಿಯಲ್ಲಿ ಅಲ್ಲಿಯೇ ಇರಬೇಕು. ಆಡಿಟಿನವರು ಪ್ರತಿ ವರ್ಷ, ತೀರಿಕೊಂಡ ನೌಕರನ ಖಾತೆ ಇನ್ನೂ ಯಾಕಿದೆ ಎಂದು ಕೇಳುತ್ತಾರೆ. ಉತ್ತರ ಗೊತ್ತಿದ್ದವರು ನಾನು ಮತ್ತು ಇನ್ನೊಬ್ಬರು. ಇಬ್ಬರೂ ಕಂಪನಿ ಬಿಟ್ಟೆವು.

ಅವಳು ಕಳಿಸಿದ ಶೀಟಿನಲ್ಲಿ ಇದೇ ನನ್ನನ್ನು ಹೆಚ್ಚು ಕಾಡಿದ್ದು. ಯಾರಿಗೆ, ಯಾವುದಕ್ಕೆ, ಎಂಥ ಹಕ್ಕು ಎಂದು ಯಂತ್ರ ಒಂದಿಷ್ಟೂ ತಪ್ಪದೆ ಹೇಳುತ್ತದೆ. ಯಾಕೆ ಕೊಟ್ಟರು, ಯಾರು ಹೇಳಿದ್ದಕ್ಕೆ ಕೊಟ್ಟರು, ಎಲ್ಲಿಯವರೆಗೆ ಎಂಬುದನ್ನು ಬರೆಯಲು ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ನಮ್ಮ ಸಾಗಾಟದ ಯೋಜನೆ ಲಕ್ಷಾಂತರ ಮೇಲುಗಳನ್ನು ಒಂದನ್ನೂ ಬಿಡದೆ ಮುಟ್ಟಿಸಿತು. ಹಕ್ಕುಗಳ ಹಿಂದಿನ ಕಾರಣಗಳು ಜನರ ತಲೆಯಲ್ಲಿದ್ದವು. ಜನ ಒಬ್ಬೊಬ್ಬರಾಗಿ ಹೋದರು. ಯೋಜನೆಯ ಬಜೆಟ್ಟಿನಲ್ಲಿ ಲೈಸೆನ್ಸಿಗೆ, ಲೈನಿಗೆ, ಸಲಹೆಗಾರರಿಗೆ ದುಡ್ಡಿತ್ತು, ಕಾರಣ ಕೇಳಿ ಬರೆದುಕೊಳ್ಳಲು ಒಬ್ಬ ಗುಮಾಸ್ತನಿಗೆ ಇರಲಿಲ್ಲ. ಇದು ಸಣ್ಣ ಕೊರತೆ ಎಂದು ನನಗೆ ಅನಿಸುವುದಿಲ್ಲ. ಹಕ್ಕು ಒಬ್ಬೊಬ್ಬರಿಗೆ ಕೊಡುವ ಬದಲು ಇಮೇಲ್ ವಿಳಾಸವಿರುವ ಸೆಕ್ಯುರಿಟಿ ಗ್ರೂಪಿಗೆ ಕೊಟ್ಟು, ಗ್ರೂಪಿಗೆ ವಿಭಾಗದ ಮುಖ್ಯಸ್ಥರನ್ನು ಒಡೆಯರನ್ನಾಗಿ ಮಾಡಿ, ವಿವರಣೆಯ ಜಾಗದಲ್ಲಿ ಕಾರಣ ಬರೆದಿಟ್ಟರೆ ಅರ್ಧ ತೊಂದರೆ ನೀಗುತ್ತದೆ. ಗ್ರೂಪಿಗೆ ಕೊಟ್ಟಾಗ ಬಾಕ್ಸ್ ಔಟ್‌ಲುಕ್‌ನಲ್ಲಿ ತಾನಾಗಿ ಬಂದು ಕೂರುವುದಿಲ್ಲ, ಪ್ರತಿಯೊಬ್ಬರೂ ಸೇರಿಸಿಕೊಳ್ಳಬೇಕು. ಅಷ್ಟು ಕಿರಿಕಿರಿಗೆ ಹೆದರಿ ನೇರವಾಗಿ ಕೊಡುವ ಅಭ್ಯಾಸವೇ ಹೆಚ್ಚು. ನನ್ನ ಮತ ಕೇಳಿದರೆ, ಆ ಕಿರಿಕಿರಿ ಸಹಿಸುವುದೇ ಮೇಲು.

ಒಂದು ಭಾನುವಾರ ಇಬ್ಬರೂ ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದಿದೆವು. ಶೀಟಿನ ಬಲತುದಿಗೆ ಅವಳು ಹೊಸ ಕಾಲಂ ಹಾಕಿ ಷರಾ ಎಂದು ಕನ್ನಡದಲ್ಲೇ ಹೆಸರಿಟ್ಟಳು. ರಾಯರನ್ನು ಅವಳು ನೋಡಿಲ್ಲ. ನನ್ನ ಬಾಯಲ್ಲಿ ಕೇಳಿದ್ದಾಳೆ. ನಾನು ಹೇಳಿದ್ದನ್ನು ಬರೆದುಕೊಂಡಳು. ಹುಬ್ಬಳ್ಳಿಯವರ ಖಾತೆಯ ಎದುರು ‘ಅಳಿಸಬಾರದು, ಕ್ಲೌಡಿನ ಬಾಕ್ಸ್ ಇದರ ಮೇಲೆ ನಿಂತಿದೆ; ಡೀಲರುಗಳ ಹಳೆಯ ವಿವರಕ್ಕಾಗಿ’ ಎಂದು ಬರೆದಳು. ಬರೀ ನಂಬರಿದ್ದ ಸಾಲುಗಳನ್ನು ತೆಗೆದೆವು. ಹೆಸರಿದ್ದೂ ಕಾರಣ ಯಾರೂ ಹೇಳಲಾಗದ ಹಕ್ಕುಗಳನ್ನು ಏನು ಮಾಡುವುದೆಂದು ನನ್ನನ್ನು ಕೇಳಿದಳು. ತೆಗೆಯಿರಿ, ಬೇಕಿದ್ದವರು ಬಂದು ಕೇಳುತ್ತಾರೆ, ಕೇಳಿದಾಗ ಕಾರಣ ಬರೆದುಕೊಂಡು ಕೊಡಿ ಎಂದೆ. ಅದಕ್ಕವಳು ಒಪ್ಪಲಿಲ್ಲ. ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ ಸರ್, ನಾನೇ ಫೋನು ಮಾಡಿ ವಿಚಾರಿಸಿ ಆಮೇಲೆ ತೆಗೆಯುತ್ತೇನೆ ಎಂದಳು. ಅವಳದ್ದೇ ಸರಿಯಾದ ಕ್ರಮ.

ಸರ್ವೀಸ್ ಬಾಕ್ಸಿನ ಸಾಲುಗಳಲ್ಲಿ ತಿಪಟೂರಿನವರ ಹೆಸರು ಇರಲಿಲ್ಲ, ಅವರು ನಿವೃತ್ತರಾಗಿದ್ದಾರೆ. ಆದರೆ ಅವರಿಂದ ಉಳಿದದ್ದೊಂದು ಅಲ್ಲಿತ್ತು. ಬಾಕ್ಸ್ ಕ್ಲೌಡಿಗೆ ಹೋದಾಗ ಸಾಗಾಟದ ಸ್ಕ್ರಿಪ್ಟ್ ಎಲ್ಲರಿಗೂ ಒಂದೇ ಅಳತೆಯಲ್ಲಿ ಸೆಂಡ್ ಆ್ಯಸ್ ಕೊಟ್ಟಿತು. ಸೆಂಡ್ ಆ್ಯಸ್ ಮತ್ತು ಸೆಂಡ್ ಆನ್ ಬಿಹಾಫ್ ಎರಡೂ ಇದ್ದರೆ ಮೊದಲನೆಯದೇ ಮೇಲಾಗುತ್ತದೆ. ಆಕೆಯ ಹೆಸರು ಮೇಲುಗಳಿಂದ ಕಾಣೆಯಾಯಿತು. ಒಂದು ವಾರ ನೋಡಿ ಮಹಡಿ ಹತ್ತಿ ನಮ್ಮ ವಿಭಾಗಕ್ಕೆ ಬಂದರು. “ನಿಮ್ಮ ದೊಡ್ಡ ಹಕ್ಕು ನೀವೇ ಇಟ್ಕೊಳ್ಳಿ ಸರ್, ನನಗೆ ಮುಂಚಿನದೇ ಕೊಡಿ” ಎಂದರು. ಆಡಳಿತದ ಕಡೆಯವರು ಎಲ್ಲರಿಗೂ ಒಂದೇ ಥರ ಇರಲಿ, ಗ್ರಾಹಕರಿಗೆ ಕಂಪನಿಯ ಹೆಸರು ಕಾಣಬೇಕು, ನೌಕರರದಲ್ಲ ಎಂದು ವಾದಿಸಿದರು. ಆಕೆ ಪಟ್ಟು ಬಿಡಲಿಲ್ಲ. “ತಪ್ಪು ಉತ್ತರ ಬರೆದರೆ ನನ್ನನ್ನೇ ಕೇಳಲಿ, ಸರಿ ಬರೆದರೂ ನನಗೇ ಬರಲಿ” ಎಂದರು. ದೊಡ್ಡ ಹಕ್ಕನ್ನು ಎಲ್ಲರಿಂದಲೂ ಕಿತ್ತು ಚಿಕ್ಕದನ್ನು ಉಳಿಸಿದೆವು. ಸರ್ವೀಸ್ ಬಾಕ್ಸಿಗೆ ಈಗಲೂ ಸೆಂಡ್ ಆ್ಯಸ್ ಯಾರಿಗೂ ಇಲ್ಲ. ಆಕೆಯ ಜಾಗಕ್ಕೆ ಬಂದ ರಾಣೆಬೆನ್ನೂರಿನ ಹುಡುಗ ತನ್ನ ಹೆಸರಿನಲ್ಲೇ, ಸರ್ವೀಸ್ ಪರವಾಗಿ ಬರೆಯುತ್ತಾನೆ. ಆ ಸಾಲಿಗೆ ಷರಾ ಏನು ಬರೆಯಲಿ ಎಂದು ಅವಳು ಕೇಳಿದಾಗ, ತಿಪಟೂರಿನವರಿಗೇ ಫೋನು ಮಾಡಿ ಕೇಳಿ ಎಂದು ನಂಬರು ಕೊಟ್ಟೆ. ಮಾಡಿದಳಂತೆ, ಮುಕ್ಕಾಲು ಗಂಟೆ ಮಾತಾಡಿದರಂತೆ, ಅದರಲ್ಲಿ ಹೆಚ್ಚಿನದು ಬೇರಿಂಗ್ ಸದ್ದಿನ ಬಗ್ಗೆ.